ಮಾದೇವಿ ಮಾಡಿದ ಫೋನು

ಸತ್ತವರು ಬಂದು ಮಾತಾಡಿಸಿದರು ಎನ್ನುವ ಕಥೆ ಕೇಳಿದರೆ ನನಗೆ ಮೊದಲಿನಿಂದಲೂ ನಗು. ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಸ್ಟೋರ್ ಕೀಪರ್ ಆಗಿದ್ದವನು ನಾನು. ಇಂಡೆಂಟ್ ಚೀಟಿ ಇಲ್ಲದೆ ಒಂದು ನಟ್ಟನ್ನೂ ಹೊರಗೆ ಬಿಟ್ಟವನಲ್ಲ. ಕವಲಂದೆಯಿಂದ ಬರುತ್ತಿದ್ದ ಸಹೋದ್ಯೋಗಿಯೊಬ್ಬ ಹುಣಸೆಮರದ ಕೆಳಗೆ ಬಿಳಿ ಸೀರೆಯವಳನ್ನು ಕಂಡೆನೆಂದು ಕಂಪನಿ ಬಸ್ಸಿನಲ್ಲಿ ಹೇಳಿದಾಗ, "ಸೀರೆಗೆ ಇಸ್ತ್ರಿ ಇತ್ತೇನಪ್ಪ?" ಎಂದು ಕೇಳಿ ಅವನ ಬಾಯಿ ಮುಚ್ಚಿಸಿದ್ದೆ. ಪಾಪ, ಅವನು ಒಂದು ವಾರ ನನ್ನ ಪಕ್ಕ ಕೂರಲಿಲ್ಲ. ಈಗ ನಾನು ಬರೆಯುವುದನ್ನು ಓದಿ ನೀವೂ ಹಾಗೆಯೇ ಲೇವಡಿ ಮಾಡಿದರೆ ನನ್ನ ತಕರಾರಿಲ್ಲ.

ಕಥೆ ಗಾಲ್ಫ್ ಆಟದಿಂದ ಶುರುವಾಗುತ್ತದೆ ಎಂದರೆ ನಮ್ಮ ಕಡೆಯವರು ಯಾರೂ ನಂಬುವುದಿಲ್ಲ. ತೊಂಬತ್ತರ ದಶಕದ ನಡುವೆ ನಮ್ಮ ಜನರಲ್ ಮ್ಯಾನೇಜರು ಉತ್ತರ ಭಾರತಕ್ಕೆ ವರ್ಗವಾಗಿ ಹೋಗುವಾಗ ತಮ್ಮ ಹಳೆಯ ಗಾಲ್ಫ್ ಚೀಲವನ್ನು ಸ್ಟೋರಿನಲ್ಲೇ ಬಿಟ್ಟು ಹೋದರು. ಫೋನ್ ಮಾಡಿ ಕೇಳಿದರೆ "ನೀವೇ ಇಟ್ಕೊಳ್ಳಿ" ಎಂದರು. ಐದು ದಾಂಡು, ಒಂದು ಡಬ್ಬಿ ಚೆಂಡು. ಮನೆಗೆ ತಂದೆ. ನನ್ನ ಹೆಂಡತಿ ಮಾದೇವಿ ಚಿಕ್ಕಯ್ಯನಛತ್ರದ ಶಾಲೆಯಲ್ಲಿ ಟೀಚರು. ಸೋಸಲೆಯ ಗದ್ದೆ ಬಯಲಿನಲ್ಲಿ ಗಂಡುಹುಡುಗರ ಜೊತೆ ಚಿನ್ನಿದಾಂಡು ಆಡಿ ಬೆಳೆದವಳು. ಮೊದಲ ಭಾನುವಾರವೇ ಹೊಳೆದಂಡೆಯಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳು ಹೊಡೆದ ಚೆಂಡು ಕಪಿಲೆಯ ಆಚೆ ದಡ ಸೇರಿತು. ನಾನು ಹೊಡೆದದ್ದು ಮಣ್ಣಿಗೆ.

ಆಮೇಲೆ ಅದೇ ನಮ್ಮ ಹುಚ್ಚಾಯಿತು. ಮಕ್ಕಳಿಲ್ಲದ ಮನೆ, ಭಾನುವಾರ ಬಲು ಉದ್ದ. ಬೇಸಿಗೆಯಲ್ಲಿ ಸ್ಕೂಟರಿಗೆ ಚೀಲ ಕಟ್ಟಿಕೊಂಡು ತಿ. ನರಸೀಪುರಕ್ಕೆ ಹೋಗಿ ಹೊಳೆಯ ಮರಳಿನಲ್ಲಿ ಆಡುತ್ತಿದ್ದೆವು. ಕೊಯ್ಲು ಮುಗಿದ ಮೇಲೆ ಸೋಸಲೆಯಲ್ಲಿ ಅವಳ ತವರಿನ ಗದ್ದೆ. ನನ್ನ ಏಟಿಗೆ ಹುಲ್ಲು ಬುಡಸಮೇತ ಎದ್ದು ಹಾರುವುದನ್ನು ಬದುವಿನ ಮೇಲೆ ಕೂತು ನೋಡುತ್ತಿದ್ದ ಒಬ್ಬ ರೈತ, "ಗರಿಕೆ ಕೀಳಕ್ಕೆ ಇಷ್ಟೊಂದ್ ಸಾಮಾನ್ ಬೇಕಾ ಸಾ?" ಎಂದು ಕೇಳಿದ. ಮಾದೇವಿ ನಗು ತಡೆಯಲಾರದೆ ಬದುವಿನ ಮೇಲೇ ಕುಸಿದು ಕೂತಳು. ಅವಳು ಅಷ್ಟು ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಡಾಕ್ಟರ ಕ್ಲಿನಿಕ್ಕಿನಲ್ಲಿ ಬಿದ್ದಿದ್ದ ಒಂದು ಪತ್ರಿಕೆಯಲ್ಲಿ ಅವಳು ಆ ಚಿತ್ರ ನೋಡಿದ್ದು. ಕರಾವಳಿಯಲ್ಲಿ ಒಂದು ರೆಸಾರ್ಟು, ಒಂಬತ್ತು ಕುಳಿಯ ಪುಟ್ಟ ಗಾಲ್ಫ್ ಮೈದಾನ, ಅದರ ಅಂಚಿಗೇ ಸಮುದ್ರ. ನಿಜವಾದ ಹುಲ್ಲಿನ ಮೇಲೆ, ಸಮುದ್ರ ನೋಡಿಕೊಂಡು, ಒಂದೇ ಒಂದು ಸಲ ಇಬ್ಬರೂ ಆಡಬೇಕು ಎಂದಳು. ಆಗಲಿ ಎಂದೆ. ಮೊದಲ ವರ್ಷ ಸ್ಟೋರಿನ ಸ್ಟಾಕ್ ಚೆಕಿಂಗ್ ಎಂದು ಮುಂದೂಡಿದೆ. ಎರಡನೆಯ ವರ್ಷ ಮುಷ್ಕರ. ಮೂರನೆಯ ವರ್ಷಕ್ಕೆ ಕಾರಣವೇ ಇರಲಿಲ್ಲ, ಸುಮ್ಮನೆ ಸೋಮಾರಿತನ. "ಈ ಸಲ ಹೋಗೋಣ್ವಾ?" ಎಂದು ಅವಳು ಕೇಳಿದಾಗ, "ಸಮುದ್ರ ಎಲ್ಲಿಗೂ ಓಡೋಗಲ್ಲ ಬಿಡು" ಎಂದು ಗದರಿದ್ದೆ. ಅವಳು ಮತ್ತೆ ಕೇಳಲಿಲ್ಲ. ೨೦೦೩ರಲ್ಲಿ ಅವಳೇ ಫೋನ್ ಮಾಡಿ ಡಿಸೆಂಬರಿಗೆ ಇಬ್ಬರ ಹೆಸರಲ್ಲಿ ಕೋಣೆ ಬುಕ್ ಮಾಡಿದಳು.

ಆ ಆಗಸ್ಟಿನಲ್ಲಿ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಾ ಬರೆಯುತ್ತಾ ಬಿದ್ದಳು. ಮೈಸೂರಿನ ಆಸ್ಪತ್ರೆಯಲ್ಲಿ ಎರಡು ದಿನ ಪ್ರಜ್ಞೆಯಿಲ್ಲದೆ ಮಲಗಿದ್ದು ಹೋಗಿಬಿಟ್ಟಳು. ತಲೆಯೊಳಗೆ ರಕ್ತನಾಳ ಒಡೆದಿತ್ತಂತೆ. "ಮೊದಲೇ ತಲೆನೋವು ಗಿಲೆನೋವು ಅಂತಿದ್ರಾ?" ಎಂದು ಡಾಕ್ಟರು ಕೇಳಿದರು. ಇಲ್ಲ ಎಂದೆ. ಅವರು ಏನೋ ಬರೆದುಕೊಂಡರು.

ಹನ್ನೊಂದನೆಯ ದಿನ ನಂಜನಗೂಡಿನ ಮನೆಯಲ್ಲಿ ತಿಥಿ. ನಮ್ಮಲ್ಲಿ ಅಂದು ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯ ಮೇಲೆ ಎಡೆ ಇಟ್ಟು, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುತ್ತಾರೆ. ಅವರು ಬಂದು ಉಂಡು ಹೋಗಲಿ ಎಂದು. ಸ್ವಲ್ಪ ಹೊತ್ತಾದ ಮೇಲೆ ಹಿರಿಯರೊಬ್ಬರು ಕೆಮ್ಮಿ, ಬಾಗಿಲು ತಟ್ಟಿ ತೆಗೆಯಬೇಕು. ಸೋಸಲೆಯಿಂದ ಬಂದಿದ್ದ ನಾದಿನಿ ಗೌರಿ ಎಡೆ ಬಡಿಸುತ್ತಾ, "ಅಕ್ಕಂಗೆ ಇನ್ನೇನ್ ಇಷ್ಟ ಏಳಿ ಭಾವ" ಎಂದಳು. ಹತ್ತೊಂಬತ್ತು ವರ್ಷ ಸಂಸಾರ ಮಾಡಿದವನು ನಾನು. ನಿಂತುಕೊಂಡು ಯೋಚಿಸಿದೆ. ಒಬ್ಬಟ್ಟು ನನಗಿಷ್ಟ, ಬಸ್ಸಾರು ನನಗಿಷ್ಟ, ಅವಳು ಮಾಡುತ್ತಿದ್ದಳು. ಅವಳಿಗೆ ಏನು ಇಷ್ಟ ಎಂದು ನನ್ನ ನಾಲಿಗೆಗೆ ಒಂದೂ ಬರಲಿಲ್ಲ. ಕೊನೆಗೆ ಒಳಗಿಂದ ಒಂದು ಗಾಲ್ಫ್ ಚೆಂಡು ತಂದು ಎಲೆಯ ತುದಿಗೆ ಇಟ್ಟೆ. ಗೌರಿ ಅದನ್ನು ನೋಡಿ ಅಳತೊಡಗಿದಳು.

ಎಡೆ ಇಟ್ಟದ್ದು ಮನೆಯ ಸಣ್ಣ ಕೋಣೆಯಲ್ಲಿ. ನಮ್ಮ ಟೆಲಿಫೋನ್ ಇದ್ದದ್ದೂ ಅದೇ ಕೋಣೆಯ ಗೂಡಿನಲ್ಲಿ. ಅದಕ್ಕೆ ಎಸ್‌ಟಿಡಿ ಲಾಕ್ ಹಾಕಿದ್ದೆವು, ಅದನ್ನು ತೆಗೆಯದೆ ಪರವೂರಿಗೆ ಫೋನ್ ಹೋಗುತ್ತಿರಲಿಲ್ಲ. ಅದರ ನಂಬರು ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಮಧ್ಯಾಹ್ನ ಒಂದು ಗಂಟೆಯ ಹೊತ್ತು. ಬಾಗಿಲು ಮುಚ್ಚಿ ಎಲ್ಲರೂ ಜಗಲಿಯ ಮೇಲೆ ಮಾತಿಲ್ಲದೆ ಕೂತಿದ್ದೆವು. ನನಗೆ ಏನೂ ಕೇಳಿಸಲಿಲ್ಲ. ಬಾಗಿಲು ತೆಗೆದಾಗ ಎಡೆ ಇಟ್ಟದ್ದು ಇಟ್ಟ ಹಾಗೇ ಇತ್ತು.

ಡಿಸೆಂಬರ್ ಬಂತು. ಬುಕಿಂಗ್ ರದ್ದು ಮಾಡಬೇಕಿತ್ತು. ಎರಡು ಮೂರು ಸಲ ಫೋನ್ ಕೈಗೆತ್ತಿಕೊಂಡೆ. "ಹೆಂಡತಿ ತೀರಿಕೊಂಡಿದ್ದಾಳೆ" ಎಂದು ಗುರುತು ಪರಿಚಯವಿಲ್ಲದವನಿಗೆ ಹೇಳಲು ಬಾಯಿ ಬರಲಿಲ್ಲ. ಕೊನೆಗೆ ಹೋಗಿಯೇ ಬಿಡುವುದು ಎಂದು ತೀರ್ಮಾನಿಸಿದೆ. ಗೌರಿಗೆ ಸಿಟ್ಟು ಬಂತು. "ವರ್ಸ ತುಂಬ್ದೆ ಎಲ್ಗೂ ಓಗ್ಬಾರ್ದು ಕಣ್ ಭಾವ. ಅದ್ರಲ್ಲೂ ಒಬ್ರೇ ಓಗಿ ಏನ್ ಮಾಡೀರಿ ಅಲ್ಲಿ?" ಎಂದಳು. ಏನು ಮಾಡುತ್ತೇನೆ ಎಂದು ನನಗೂ ಗೊತ್ತಿರಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಪಕ್ಕದ ಸೀಟು ಹಾಸನದವರೆಗೂ ಖಾಲಿ ಇತ್ತು.

ರೆಸಾರ್ಟಿನ ಕೌಂಟರಿನಲ್ಲಿ ಐವತ್ತು ದಾಟಿದ ಒಬ್ಬ ಮ್ಯಾನೇಜರು ಕೂತಿದ್ದರು. ಇಬ್ಬರ ಬದಲು ಒಬ್ಬನೇ ಬಂದದ್ದಕ್ಕೆ ಏನು ಕಾರಣ ಹೇಳಲಿ ಎಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆ. ಹೆಸರು ಹೇಳಿದೆ. ಅವರು ತಲೆಯಾಡಿಸಿ ಒಂದು ಕೀಲಿ ಮುಂದಿಟ್ಟರು.

"ಒಬ್ಬರ ಕೋಣೆ ಸರ್. ಕೆಳಗಡೆಯದ್ದೇ ಕೊಟ್ಟಿದ್ದೇನೆ. ಮೆಟ್ಟಿಲು ಹತ್ತಲಿಕ್ಕೆ ನಿಮಗೆ ಮಂಡಿನೋವಲ್ವಾ?"

ಯಾರು ಹೇಳಿದರು ಎಂದು ಕೇಳಿದೆ.

"ಮೇಡಂ ಫೋನ್ ಮಾಡಿದ್ರಲ್ಲ ಸರ್. ತನಗೆ ಬರ್ಲಿಕ್ಕೆ ಆಗುವುದಿಲ್ಲ, ಯಜಮಾನರು ಒಬ್ಬರೇ ಬರ್ತಾರೆ ಅಂತ. ನೀವು ಬಾಯಿಬಿಟ್ಟು ಏನೂ ಕೇಳುವವರಲ್ಲವಂತೆ, ನಾವೇ ವಿಚಾರಿಸಿಕೊಳ್ಳಬೇಕಂತೆ. ಮತ್ತೆ, ನಿಮ್ಮನ್ನು ಒಬ್ಬರೇ ಆಡ್ಲಿಕ್ಕೆ ಬಿಡಬಾರದು, ಜೊತೆಗೆ ಯಾರನ್ನಾದರೂ ಕಳಿಸಿ ಅಂತ ಎರಡು ಸಲ ಹೇಳಿದ್ರು."

ನನಗೆ ಮಂಡಿನೋವು ಶುರುವಾದದ್ದು ಆ ವರ್ಷದ ಬೇಸಿಗೆಯಲ್ಲಿ. ಅದನ್ನು ಯಾರಿಗೂ ಹೇಳಿರಲಿಲ್ಲ, ಮಾದೇವಿಗೂ ಹೇಳಿರಲಿಲ್ಲ. ಹೇಳಿದರೆ ಆಟ ನಿಲ್ಲಿಸು ಎನ್ನುತ್ತಾಳೆಂದು ಹಲ್ಲು ಕಚ್ಚಿಕೊಂಡು ನಡೆಯುತ್ತಿದ್ದೆ. ಯಾವತ್ತು ಫೋನ್ ಬಂದದ್ದು ಎಂದು ಕೇಳಿದಾಗ ಅವರು ರಿಜಿಸ್ಟರು ತಿರುಗಿಸಿ ತೋರಿಸಿದರು. ಅವರದೇ ಅಕ್ಷರ. ನನ್ನ ಹೆಸರು, ಒಬ್ಬರು, ಕೆಳಗಿನ ಕೋಣೆ. ಪಕ್ಕದಲ್ಲಿ ತಾರೀಖು, ಮಧ್ಯಾಹ್ನ ಒಂದು ಗಂಟೆ. ಅದು ತಿಥಿಯ ದಿನ.

"ಈಗ ಮೇಡಂ ಹೇಗಿದ್ದಾರೆ ಸರ್?" ಎಂದು ಅವರು ಕೇಳಿದರು.

"ಚೆನ್ನಾಗಿದ್ದಾಳೆ" ಎಂದೆ. ಯಾಕೆ ಹಾಗಂದೆನೋ ಗೊತ್ತಿಲ್ಲ.

ಕೋಣೆಗೆ ಹೋಗಿ ಚೀಲವನ್ನು ಮೂಲೆಗೆ ಒರಗಿಸಿಟ್ಟೆ. ಸಂಜೆ ಒಬ್ಬ ನಿವೃತ್ತ ಬ್ಯಾಂಕ್ ನೌಕರರು ಬಾಗಿಲು ತಟ್ಟಿ, ಮ್ಯಾನೇಜರು ಕಳಿಸಿದರು, ಆಡೋಣವೇ ಎಂದರು. ಹೋದೆ. ಪತ್ರಿಕೆಯಲ್ಲಿದ್ದ ಹಾಗೆಯೇ ಇತ್ತು ಮೈದಾನ. ಹುಲ್ಲು ಎಷ್ಟು ನಯವಾಗಿತ್ತೆಂದರೆ ಅದಕ್ಕೆ ಏಟು ಹಾಕಲು ಮನಸ್ಸು ಬರಲಿಲ್ಲ. ಎದುರಿಗೆ ಸಮುದ್ರ. ಜೀವಮಾನದಲ್ಲೇ ಮೊದಲ ಸಲ ನನ್ನ ಚೆಂಡು ಮಣ್ಣು ಕೆದರದೆ ಮೇಲೆದ್ದು ನೇರವಾಗಿ ಹೋಯಿತು. "ಭೇಷ್!" ಎಂದು ಬ್ಯಾಂಕಿನವರು ಕೂಗಿದರು. ನಾನು ತಿರುಗಿ ನೋಡಿದೆ, ತೋರಿಸಲು. ನನ್ನ ಬದುಕಿನಲ್ಲಿ ಅಷ್ಟು ಒಂಟಿಯಾದ ಕ್ಷಣ ಇನ್ನೊಂದಿಲ್ಲ. ಐದನೆಯ ಕುಳಿಗೇ ಆಟ ನಿಲ್ಲಿಸಿ, ತಲೆನೋವೆಂದು ಸುಳ್ಳು ಹೇಳಿ ವಾಪಸು ಬಂದೆ.

ಹೊರಡುವ ದಿನ ಮ್ಯಾನೇಜರನ್ನು ಮತ್ತೆ ಕೇಳಿದೆ, ತಾರೀಖು ತಪ್ಪಿರಬಹುದೇ ಎಂದು. ಅವರು ಗಲ್ಲ ಕೆರೆದುಕೊಂಡರು. "ಫೋನ್ ಬಂದಾಗ ಚೀಟಿಯಲ್ಲಿ ಬರೆದಿಟ್ಟು ಆಮೇಲೆ ರಿಜಿಸ್ಟರಿಗೆ ಏರಿಸುವುದೂ ಉಂಟು ಸರ್. ಏರಿಸಿದ ದಿನದ ತಾರೀಖು, ಗಂಟೆ ಬಿದ್ದಿರಲಿಕ್ಕೂ ಸಾಕು. ಇದನ್ನು ಹೇಗೆ ಬರೆದೆ ಅಂತ ನೆನಪಿಲ್ಲ" ಎಂದರು. ಸರಿ, ಸಾಯುವ ಮೊದಲೇ ಮಾಡಿದ ಫೋನು, ತಾರೀಖಿನ ಗೊಂದಲ ಅಷ್ಟೇ. ನನ್ನ ಹಳೆಯ ಬುದ್ಧಿ ಮರಳಿ ಬಂದಿತ್ತು. ಘಾಟಿ ಹತ್ತುವವರೆಗೂ ನೆಮ್ಮದಿಯಾಗಿದ್ದೆ.

ಘಾಟಿಯ ಮಧ್ಯೆ ಎಲ್ಲೋ ಇನ್ನೊಂದು ಯೋಚನೆ ಬಂತು. ಸಾಯುವ ಮೊದಲೇ ಮಾಡಿದ್ದರೆ, ತಾನು ಬರುವುದಿಲ್ಲ ಎಂದು ಅವಳಿಗೆ ಹೇಗೆ ಗೊತ್ತಿತ್ತು?

ಊರಿಗೆ ಬಂದವನೇ ಚಿಕ್ಕಯ್ಯನಛತ್ರದ ಶಾಲೆಗೆ ಹೋದೆ. ಅವಳ ಜೊತೆಯ ಟೀಚರೊಬ್ಬರು ಹೇಳಲೋ ಬೇಡವೋ ಎನ್ನುತ್ತಾ, "ಜುಲೈನಲ್ಲಿ ಎರಡು ಸಲ ಅರ್ಧ ದಿನ ರಜಾ ಹಾಕಿ ಮೈಸೂರಿಗೆ ಹೋಗಿದ್ರು ಕಣ್ರೀ. ಯಾಕೆ ಅಂತ ನಮಗೂ ಹೇಳ್ಲಿಲ್ಲ. ನಿಮಗೆ ಗೊತ್ತಿರುತ್ತೆ ಅಂದ್ಕೊಂಡಿದ್ವಿ" ಎಂದರು. ನನಗೆ ಗೊತ್ತಿರಲಿಲ್ಲ. ಮನೆಯ ಬೀರು, ಟ್ರಂಕು, ಅವಳ ಬ್ಯಾಗು ಎಲ್ಲ ಹುಡುಕಿದೆ. ಒಂದು ಚೀಟಿಯೂ ಸಿಗಲಿಲ್ಲ. ಸೀರೆ ಕೊಳ್ಳಲು ಹೋಗಿದ್ದಿರಬಹುದು, ಯಾವುದೋ ಕಚೇರಿ ಕೆಲಸವಿರಬಹುದು. ಡಾಕ್ಟರ ಹತ್ತಿರವೂ ಇರಬಹುದು.

ಫೋನು ಯಾವತ್ತು ಹೋಯಿತೆಂದು ತಿಳಿಯಲು ಒಂದು ದಾರಿ ಇತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅರ್ಜಿ ಕೊಟ್ಟರೆ ಎಸ್‌ಟಿಡಿ ಕರೆಗಳ ವಿವರ ತೆಗೆದು ಕೊಡುತ್ತಿದ್ದರು. ಅರ್ಜಿ ಬರೆದುಕೊಂಡು ಹೋದೆ. ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದು, "ಏನ್ ಬೇಕಿತ್ತು ಸಾರ್?" ಎಂದು ಗುಮಾಸ್ತರು ತಲೆಯೆತ್ತಿದಾಗ, "ಹೊಸ ಡೈರೆಕ್ಟರಿ ಬಂತಾ?" ಎಂದು ಕೇಳಿ ಹೊರಗೆ ಬಂದುಬಿಟ್ಟೆ. ಅರ್ಜಿ ಜೇಬಿನಲ್ಲೇ ಉಳಿಯಿತು.

ಆಗಿನಿಂದ ಇಷ್ಟು ವರ್ಷವಾಯಿತು. ಈಗ ಆ ದಾಖಲೆ ಕೇಳಿದರೂ ಸಿಗುವುದಿಲ್ಲ. ತಿಥಿಯ ದಿನ ಮುಚ್ಚಿದ ಬಾಗಿಲಿನ ಹಿಂದೆ ಸತ್ತವಳೊಬ್ಬಳು ಫೋನ್ ಮಾಡಿದಳು ಎಂದರೆ ನನ್ನ ಬುದ್ಧಿ ಒಪ್ಪುವುದಿಲ್ಲ. ಅದು ಸುಳ್ಳಾದರೆ, ಜುಲೈ ತಿಂಗಳಿಡೀ ಮಾದೇವಿ ತಾನು ಉಳಿಯುವುದಿಲ್ಲವೆಂದು ತಿಳಿದೂ ಸಂಜೆಯ ಹೊತ್ತು ನನ್ನ ಎದುರಿಗೆ ಕೂತು ಬೆಳ್ಳುಳ್ಳಿ ಸುಲಿದಿದ್ದಾಳೆ, ನಾನು ಪೇಪರ್ ಓದಿದ್ದೇನೆ. ನನಗೆ ಹೇಳಿ ಪ್ರಯೋಜನವಿಲ್ಲ ಅನಿಸಿತೋ, ಹೇಳಿದರೆ ತಡೆದುಕೊಳ್ಳಲಾರನು ಅನಿಸಿತೋ.

ಓದುಗರೇ, ದೆವ್ವವೆಂದರೆ ನಗುತ್ತಿದ್ದವನು ನಾನು. ಈಗ ದಿನವೂ ದೀಪ ಹಚ್ಚುವಾಗ, ಅವಳು ಸತ್ತ ಮೇಲೇ ಆ ಫೋನು ಮಾಡಿರಲಿ ದೇವರೇ ಎಂದು ಕೇಳಿಕೊಳ್ಳುತ್ತೇನೆ.