ಮಷೀನಿನ ಮೇಲಿನ ತಾರೀಕು

ನಮ್ಮ ರಟ್ಟಿನ ಪೆಟ್ಟಿಗೆಯ ಕಾರ್ಖಾನೆಯಲ್ಲಿ ಎಲ್ಲರೂ ನನ್ನ ಮಗಳನ್ನು ಗೊಣಗಿ ಎಂದೇ ಕರೆಯುವುದು. ಸಿಡುಕಿ ಅಂತಲ್ಲ, ಸಿಡುಕೆಲ್ಲ ನನ್ನ ಪಾಲಿಗೆ ಬಂದಿದೆ. ಅಂಟು ಬಳಿಯುವಾಗ, ಪಾತ್ರೆ ತೊಳೆಯುವಾಗ, ರಸ್ತೆ ದಾಟುವಾಗ ಅವಳ ತುಟಿ ಆಡುತ್ತಲೇ ಇರುತ್ತಿತ್ತು. ಒಂದೇ ವಾಕ್ಯವನ್ನು ನಾಲ್ಕು ಥರ ಹೇಳಿ ನೋಡುವಳು. ಯಾವುದು ಸರಿ ಕಂಡಿತೋ ಅದನ್ನು ಕತ್ತರಿಸಿ ಉಳಿದ ರಟ್ಟಿನ ಚೂರಿನ ಹಿಂದೆ ಬರೆದು ಜೇಬಿಗೆ ಹಾಕಿಕೊಳ್ಳುವಳು.

ಅವಳು ಹುಟ್ಟಿದ ದಿನ ನನಗೆ ಚೆನ್ನಾಗಿ ನೆನಪಿದೆ. ನಾನು ಇವತ್ತಿಗೂ ನಡೆಸುವ ಕಟಿಂಗ್ ಮಷೀನು ಕಾರ್ಖಾನೆಗೆ ಬಂದಿದ್ದು ಅದೇ ದಿನ. ಎಂಟು ಜನ ಸೇರಿ ಅದನ್ನು ಲಾರಿಯಿಂದ ಇಳಿಸುತ್ತಿದ್ದಾಗ ಪಕ್ಕದ ಮನೆಯ ಅಜ್ಜಿ ಏದುಸಿರು ಬಿಡುತ್ತ ಬಂದು, "ಏ, ಕಬ್ಬಿಣ ಆಮೇಲೆ ಇಳಿಸುವೆಯಂತೆ, ಹೆಣ್ಣು ಮಗು ಬಂತು" ಅಂದಳು. ಹೆರಿಗೆ ಮಾಡಿಸಿದವಳೂ ಅವಳೇ. ಆಸ್ಪತ್ರೆಗೆ ಹೋಗಲಿಲ್ಲ, ಹೋಗುವಷ್ಟು ಹೊತ್ತೂ ಇರಲಿಲ್ಲ. ಸಂಜೆ ಯಜಮಾನರು ಮಷೀನಿನ ಪಕ್ಕೆಯ ಮೇಲೆ ಬಿಳಿ ಬಣ್ಣದಲ್ಲಿ ತಾರೀಕು ಬರೆದರು. ನನ್ನ ಮಗಳ ಹುಟ್ಟಿದ ದಿನ ಬರವಣಿಗೆಯಲ್ಲಿ ಇರುವುದು ಅದೊಂದೇ ಕಡೆ.

ಅವಳಿಗೆ ಐದು ತುಂಬಿದಾಗ ಹೆಂಡತಿಯೂ ಅಂಟಿನ ಮೇಜಿಗೆ ಕೆಲಸಕ್ಕೆ ಸೇರಿದಳು. ಮಗುವನ್ನು ಜೊತೆಗೇ ಕರೆದುಕೊಂಡು ಬರುತ್ತಿದ್ದೆವು. ಒಂದು ದಿನ ಮಷೀನಿನ ಬ್ಲೇಡು ಇಳಿಯುವ ಜಾಗಕ್ಕೆ ಕೈ ಚಾಚಿದಳು. ಒಂದು ಗೇಣು, ಅಷ್ಟೇ ಅಂತರ. ಮರುದಿನವೇ ಶಾಲೆಗೆ ಎಳೆದುಕೊಂಡು ಹೋದೆ.

"ಮಗು ಚಿಕ್ಕದು ರೀ, ಮುಂದಿನ ವರ್ಷ ಕರ್ಕೊಂಡು ಬನ್ನಿ" ಅಂದ ಗುಮಾಸ್ತ.

"ಮುಂದಿನ ವರ್ಷದ ತನಕ ಇವಳಿಗೆ ಕೈ ಇರುತ್ತೆ ಅಂತ ನೀವು ಬರ್ಕೊಡ್ತೀರಾ?" ಅಂತ ಶುರು ಮಾಡಿದೆ. ಮೇಷ್ಟ್ರು ಬಂದರು, ಜವಾನ ಬಂದ, ನನ್ನ ಗಂಟಲು ಇಳಿಯಲಿಲ್ಲ. ಕೊನೆಗೆ ಗುಮಾಸ್ತನಿಗೇ ಸಾಕಾಗಿ, "ಆಯ್ತು ಮಾರಾಯ್ರೇ, ಯಾವ ವರ್ಷ ಹಾಕ್ಲಿ ಹೇಳಿ" ಅಂದ. ಒಂದು ವರ್ಷ ಹಿಂದಕ್ಕೆ ಹಾಕಿಸಿ ಸಹಿ ಮಾಡಿದೆ. ಗೆದ್ದೆ ಅಂತ ದಾರಿಯುದ್ದಕ್ಕೂ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದೆ.

ಶಾಲೆಯಲ್ಲಿ ಲೆಕ್ಕ ಅವಳಿಗೆ ಹತ್ತಲಿಲ್ಲ. ಬರೆಯುವುದು ಹತ್ತಿತು. ಎಂಟನೇ ಕ್ಲಾಸಿನಲ್ಲಿದ್ದಾಗ ಅವಳ ಟೀಚರು ಒಂದು ಚೀಟಿ ತಂದುಕೊಟ್ಟರು. ಮಕ್ಕಳಿಗೆ ಕತೆ ಬರೆಯುವ ಸ್ಪರ್ಧೆ, ವರ್ಷಕ್ಕೊಮ್ಮೆ. ಕೊನೆಯ ದಿನಕ್ಕೆ ಹದಿನೇಳು ತುಂಬಿರಬಾರದು. ಆರಿಸಿದ ಕತೆಗಳನ್ನು ಪುಸ್ತಕ ಮಾಡುತ್ತಾರೆ. ಮೊದಲನೆಯವರಿಗೆ ಮುಂದಿನ ಓದಿನ ಖರ್ಚು ಪೂರ್ತಿ ಅವರದೇ.

ಮೊದಲ ಸಲ ಅವಳ ಕತೆ ಉದ್ದವಾಯಿತೆಂದು ವಾಪಸು ಬಂತು. ಎರಡನೇ ಸಲ ಭಾಗವಹಿಸಿದ್ದಕ್ಕೆ ಒಂದು ಕಾಗದ ಬಂತು. ಹೆಂಡತಿ ಅದನ್ನು ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿಟ್ಟಳು. ಅಷ್ಟರಲ್ಲಿ ಹತ್ತನೇ ಕ್ಲಾಸು ಮುಗಿಯಿತು. ಮುಂದೆ ಓದಿಸಲು ನಮ್ಮಿಂದಾಗಲಿಲ್ಲ. ಗೊಣಗಿ ಅಮ್ಮನ ಪಕ್ಕದಲ್ಲಿ ಅಂಟಿನ ಮೇಜಿಗೆ ಕೂತಳು. ಅವಳು ಅಂಟಿಸಿದ ಪೆಟ್ಟಿಗೆಯಲ್ಲಿ ಒಂದು ಗುಳ್ಳೆ ಇರುವುದಿಲ್ಲ, ಒಂದು ಅಂಚು ಎದ್ದಿರುವುದಿಲ್ಲ. ಯಜಮಾನರು ಹೊಸಬರಿಗೆ ಅದನ್ನೇ ಎತ್ತಿ ತೋರಿಸುತ್ತಿದ್ದರು. ಅದೇ ನನ್ನ ಹೆದರಿಕೆಯಾಗಿತ್ತು. ಇಲ್ಲಿ ಕೈ ಕುದುರಿದವರು ಯಾರೂ ಈ ಮೇಜು ಬಿಟ್ಟು ಎದ್ದದ್ದಿಲ್ಲ.

ಸ್ಪರ್ಧೆಗೆ ಅದು ಅವಳ ಕೊನೆಯ ವರ್ಷ. ಎರಡು ತಿಂಗಳು ಗೊಣಗಿದಳು. ಒಮ್ಮೆ ಅಂಟು ಕಲಸುತ್ತ, "ಪೆಟ್ಟಿಗೆಯೊಳಗೆ ಕತ್ತಲನ್ನು ಮಡಿಸಿ ಇಟ್ಟಿದ್ದರು" ಅಂದಳು.

"ಕತ್ತಲನ್ನ ಯಾರೇ ಮಡಿಸ್ತಾರೆ, ಹುಚ್ಚಿ?" ಅಂದಳು ಅವರಮ್ಮ.

"ನಾವೇ ಅಲ್ವೇನಮ್ಮ? ದಿನಕ್ಕೆ ಎಂಟುನೂರು."

ಮೇಜಿನ ಸುತ್ತ ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ಅವಳ ಕತೆಯಲ್ಲಿ ನನಗೆ ಗೊತ್ತಿರುವುದು ಆ ಒಂದು ಸಾಲು.

ಅರ್ಜಿ ತುಂಬುವಾಗ ಕೇಳಿದಳು, "ಅಪ್ಪ, ಯಾವ ತಾರೀಕು ಬರೀಲಿ? ನಿಜದ್ದಾ, ಶಾಲೇದಾ?"

"ನಿಜದ್ದೇ ಬರಿ. ನಾವ್ಯಾಕೆ ಸುಳ್ಳು ಬರೀಬೇಕು?" ಅಂದೆ, ಎದೆ ಸೆಟೆದು.

ಕತೆಯನ್ನು ನೀಟಾಗಿ ಕಾಗದಕ್ಕೆ ಇಳಿಸಿ ಕಳಿಸಿದ ಮೇಲೆ ರಟ್ಟಿನ ಚೂರುಗಳನ್ನೆಲ್ಲ ಒಟ್ಟು ಮಾಡಿ ರದ್ದಿ ಮೂಟೆಗೆ ಸುರಿದಳು. "ಇಟ್ಕೊಳ್ಳೇ" ಅಂತ ಅವರಮ್ಮ ಅಂದರೆ, "ಅಚ್ಚಾದ್ಮೇಲೆ ಪುಸ್ತಕಾನೇ ಇರುತ್ತಲ್ಲಮ್ಮ" ಅಂದಳು.

ಅಚ್ಚಾಗುವ ಲಕ್ಷಣವೇ ಇತ್ತು. ಮೂರು ತಿಂಗಳಿಗೆ ಫೋನು ಬಂತು. ಮೊದಲನೆಯ ಸ್ಥಾನಕ್ಕೆ ಅವಳದೇ ಕತೆ ಆರಿಸಿದ್ದಾರೆ, ವಯಸ್ಸಿನ ದಾಖಲೆ ತರಬೇಕು. ಅವತ್ತು ಹೆಂಡತಿ ಅಂಟಿನ ಕೈಯಲ್ಲೇ ಮಗಳ ಕೆನ್ನೆ ಹಿಡಿದು, ಐದೂ ಬೆರಳು ಮೂಡಿಸಿಬಿಟ್ಟಳು.

ದಾಖಲೆ ಅಂದರೆ ಶಾಲೆಯದು. ಅದರ ಪ್ರಕಾರ ಸ್ಪರ್ಧೆಯ ಕೊನೆಯ ದಿನಕ್ಕೇ ಅವಳಿಗೆ ಹದಿನೇಳು ತುಂಬಿ ನಾಲ್ಕು ತಿಂಗಳಾಗಿತ್ತು. ಶಾಲೆಗೆ ಓಡಿದೆ. "ತಿದ್ದಬೇಕು ಅಂದ್ರೆ ಕೋರ್ಟಿಗೆ ಹೋಗಿ, ಹುಟ್ಟಿದ್ದಕ್ಕೆ ಸಾಕ್ಷಿ ತನ್ನಿ" ಅಂದರು. ಹೆರಿಗೆ ಮಾಡಿಸಿದ ಅಜ್ಜಿ ತೀರಿಕೊಂಡು ಆರು ವರ್ಷವಾಗಿತ್ತು. ಸ್ಪರ್ಧೆಯವರು ಕೊಟ್ಟ ಗಡುವು ಹತ್ತೇ ದಿನ. ಕೊನೆಗೆ ಮಷೀನಿನ ಪಕ್ಕೆಯ ತಾರೀಕನ್ನೇ ಫೋಟೋ ತೆಗೆಸಿ, ಮಗಳನ್ನು ಕರೆದುಕೊಂಡು ಸ್ಪರ್ಧೆಯವರ ಕಚೇರಿಗೆ ಹೋದೆ.

ಅಲ್ಲಿ ಕನ್ನಡಕ ಹಾಕಿದ್ದ ಕಾರ್ಯದರ್ಶಿ ಮೇಡಂ ಕೂರಿಸಿ ನೀರು ಕೊಟ್ಟರು. ಫೋಟೋವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಪಕ್ಕದ ಮೇಜಿನ ಹುಡುಗ ಇಣುಕಿ, "ಮೇಡಂ, ಇದು ಮಷೀನಿನ ಜಾತಕ" ಅಂದ. ನನ್ನ ಕಿವಿ ಬಿಸಿಯಾಯಿತು.

"ಸುಮ್ನಿರಪ್ಪ ನೀನು" ಅಂತ ಅವನನ್ನು ಗದರಿಸಿ, ಮೇಡಂ ಶಾಲೆಯ ಕಾಗದದ ಕೆಳಗೆ ಬೆರಳಿಟ್ಟರು. "ಈ ಸಹಿ ನಿಮ್ದೇನಾ?"

"ನಂದೇ."

"ಆಗ ಬರೆಸಿದ್ದು ಸುಳ್ಳು ಅಂತೀರಿ, ಈಗ ಹೇಳ್ತಿರೋದು ನಿಜ ಅಂತೀರಿ. ನಾನು ನಂಬ್ತೀನಿ. ಆದ್ರೆ ನನ್ನ ಕಡತ ನಂಬಲ್ಲ." ಶಾಲೆಯ ಕಾಗದವನ್ನು ನನ್ನ ಕಡೆಗೆ ಸರಿಸಿ ಅಂದರು, "ಬಹುಮಾನ ಕೊಡಕ್ಕಾಗಲ್ಲ. ಕತೆ ಮಾತ್ರ ಬಿಡೋ ಹಾಗಿಲ್ಲ, ಅಷ್ಟು ಚೆನ್ನಾಗಿದೆ. ಸ್ಪರ್ಧೆಗೆ ಸೇರದ ಬರಹ ಅಂತ ಪುಸ್ತಕದ ಕೊನೇಲಿ ಹಾಕೋಕೆ ಸಮಿತಿಯವರನ್ನ ಕೇಳ್ತೀನಿ."

ಇದನ್ನು ಬರೆಯುವಾಗ ಆ ಮಾತು ಎಷ್ಟು ದೊಡ್ಡದು ಅಂತ ಕಾಣುತ್ತದೆ. ಅಲ್ಲಿ ಕೂತಾಗ ಕಾಣಲಿಲ್ಲ. ಜಾತಕ ಅಂದ ಹುಡುಗನ ಹಲ್ಲು ಕಾಣುತ್ತಿತ್ತು.

"ಕೊನೇಲಾ? ಎಂಜಲು ಎಲೆ ಎತ್ತೋರ ಹಾಗೆ ಕೊನೇಲಾ? ನಿಮ್ಮೋರ ಮಕ್ಕಳಿಗೆ ಕೊಡೋಕೆ ಇಷ್ಟೆಲ್ಲ ನಾಟಕ ಅಂತ ಬಾಯಿ ಬಿಟ್ಟು ಹೇಳಿ!" ಎದ್ದು ನಿಂತು ಮೇಜಿನ ಮೇಲಿದ್ದ ಕಡತವನ್ನು ಬೀಸಿ ಒಗೆದೆ. ಯಾರ ಯಾರದೋ ಮಕ್ಕಳ ಕತೆಗಳು ಫ್ಯಾನಿನ ಗಾಳಿಗೆ ಕೋಣೆಯೆಲ್ಲ ಹಾರಿದವು. ನೀರಿನ ಲೋಟ ಮೇಡಂ ಮಡಿಲಿಗೆ ಬಿತ್ತು. ಮಗಳು ನನ್ನ ಅಂಗಿಯ ಚುಂಗು ಹಿಡಿದು ಏನೋ ಹೇಳುತ್ತಿದ್ದಳು. ಅದು ನನ್ನ ಕಿವಿಗೆ ಬಿದ್ದದ್ದು ಬೀದಿಗೆ ಬಂದು, ಅವಳು ಅದನ್ನೇ ಇನ್ನೊಮ್ಮೆ ಹೇಳಿದ ಮೇಲೆ.

"ಹಾಕ್ತೀನಿ ಅಂತಿದ್ರಲ್ಲಪ್ಪ."

ವಾರಕ್ಕೆ ಕಾಗದ ಬಂತು. ವಯಸ್ಸಿನ ಬಗ್ಗೆ ತಪ್ಪು ಮಾಹಿತಿ, ಕಚೇರಿಯಲ್ಲಿ ಅನುಚಿತ ವರ್ತನೆ. ಕತೆಯನ್ನು ಯಾವ ರೀತಿಯಲ್ಲೂ ಪರಿಗಣಿಸುವುದಿಲ್ಲ. ನಾನು ಹೋಗಿ ಕೈ ಮುಗಿದೆ. ಬಾಗಿಲು ದಾಟಿ ಒಳಗೆ ಬಿಡಲಿಲ್ಲ. ಆ ಕತೆಯ ಕಾಗದವಾದರೂ ಕೊಡಿ ಅಂದೆ. ಕಳಿಸಿದ ಪ್ರತಿಯನ್ನು ಹಿಂದಿರುಗಿಸುವುದಿಲ್ಲವೆಂದು ನಿಯಮದಲ್ಲೇ ಇದೆಯಂತೆ. ರಟ್ಟಿನ ಚೂರುಗಳಿದ್ದ ಮೂಟೆ ಆಗಲೇ ಕಾಗದದ ಗಿರಣಿಗೆ ಹೋಗಿ ತಿರುಳಾಗಿತ್ತು.

ಇದಾಗಿ ಎರಡು ವರ್ಷ. ಗೊಣಗಿ ಅಳಲಿಲ್ಲ, ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆನೋ ಏನೋ. ದಿನಕ್ಕೆ ಎಂಟುನೂರು ಹೋಗಿ ಸಾವಿರ ಪೆಟ್ಟಿಗೆ ಅಂಟಿಸುತ್ತಾಳೆ. ತುಟಿ ಆಡುವುದಿಲ್ಲ. ಹೊಸಬರು, "ಈ ಅಕ್ಕನ್ನ ಯಾಕೆ ಗೊಣಗಿ ಅಂತಾರೆ? ಮಾತೇ ಆಡಲ್ವಲ್ಲ" ಅಂತ ಕೇಳುತ್ತಾರೆ.

ಹೋದ ತಿಂಗಳು ಊಟದ ಬಿಡುವಿನಲ್ಲಿ ಧೈರ್ಯ ಮಾಡಿ ಅವಳ ಪಕ್ಕ ಕೂತೆ. "ಆ ಕತೆ ಹೇಳ್ತೀಯೇನವ್ವ? ಕೇಳ್ಬೇಕು ಅನ್ನಿಸ್ತಿದೆ."

ಡಬ್ಬಿಯ ಮುಚ್ಚಳ ಹಾಕಿ, "ಮರ್ತೋಯ್ತಪ್ಪ" ಅಂದಳು.

"ಅದೇ, ಕತ್ತಲನ್ನ ಮಡಿಸೋದು..."

"ಯಾವ ಕತ್ತಲು?"

ಕೇಳಿದ್ದು ನಿಜವಾಗಿಯೂ ಗೊತ್ತಿಲ್ಲದವಳ ಹಾಗೆಯೇ.

ಮರುದಿನ ಬೆಳಿಗ್ಗೆ ಮಷೀನಿಗೆ ಎಣ್ಣೆ ಬಿಡಲು ಬಗ್ಗಿದಾಗ ನೋಡುತ್ತೇನೆ, ಪಕ್ಕೆಯ ಮೇಲಿನ ಬಿಳಿ ತಾರೀಕು ಇಲ್ಲ. ಅದರ ಮೇಲೆ ಅಂಗೈಯಗಲದ ರಟ್ಟು. ನಾಲ್ಕೂ ಅಂಚು ನೇರ, ಒಂದು ಗುಳ್ಳೆಯಿಲ್ಲ. ತಲೆಯೆತ್ತಿದೆ. ಅವಳು ಬೆನ್ನು ಮಾಡಿ ಅಂಟು ಕಲಸುತ್ತಿದ್ದಳು. ಮೂಲೆಗೆ ಉಗುರು ಹಾಕಿ ಎಬ್ಬಿಸಲು ನೋಡಿದೆ. ಬರಲಿಲ್ಲ.