ಮೂರನೆಯ ಬಕೆಟ್

ನಮ್ಮ ಬೀದಿಯಲ್ಲಿ ಬಟ್ಟೆ ಹೊಲಿಯುವ ಅಕ್ಕನಿಗೆ ಎಲ್ಲರೂ ಟೇಪಕ್ಕ ಎನ್ನುತ್ತಾರೆ. ಊಟಕ್ಕೆ ಕೂತಾಗಲೂ ಕೊರಳಲ್ಲಿ ಅಳತೆಯ ಟೇಪು ಇರಲೇಬೇಕು. ಹೊಲಿಗೆ ಕೂದಲೆಳೆಯಷ್ಟು ಸೊಟ್ಟಗಾದರೂ ಬಿಚ್ಚಿ ಮತ್ತೆ ಹೊಲಿಯುವವಳು. ಅವಳ ಮನೆಯ ನೆಲದಲ್ಲಿ ಒಂದು ತುಂಡು ದಾರ ಸಿಕ್ಕರೆ ನಾನು ಮೀಸೆ ಬೋಳಿಸಿಕೊಳ್ಳುತ್ತೇನೆ. ಅಂಥವಳ ಫ್ರೀಜರ್ ಮಾತ್ರ ನೋಡುವ ಹಾಗಿರಲಿಲ್ಲ.

ಮೂವತ್ತು ವರ್ಷದಿಂದ ಫ್ರಿಜ್ ರಿಪೇರಿ ನನ್ನ ಕಸುಬು. ಐಸನ್ನು ಚಾಕುವಿನಿಂದ ಕುಕ್ಕುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಐಸು ಬೆರಳು ದಪ್ಪ ಆಗುವ ಮೊದಲೇ ಪ್ಲಗ್ ಕಿತ್ತು, ಬಾಗಿಲು ತೆರೆದು, ಒಳಗೊಂದು ಪಾತ್ರೆ ಬಿಸಿನೀರಿಟ್ಟು ಸುಮ್ಮನೆ ಕೂರಬೇಕು, ಅಷ್ಟೇ. ಇದನ್ನು ಟೇಪಕ್ಕನಿಗೆ ಹೇಳಿ ಹೇಳಿ ಬಾಯಿ ನೋಯಿಸಿಕೊಂಡೆ, ಬೈದೂ ನೋಡಿದೆ. ಐದು ವರ್ಷ ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಬಾಗಿಲು ಮುಚ್ಚದಂತಾಗಿ, ಮೋಟಾರು ಬಿಡುವಿಲ್ಲದೆ ಓಡಿ ಸುಟ್ಟ ವಾಸನೆ ಬಂದ ದಿನ ತಾನಾಗಿ ಕರೆದಳು.

ಪ್ಲಗ್ಗಿಗೆ ಕೈ ಹಾಕಿದೆ. ಅಡ್ಡ ಬಂದು ನಿಂತಳು.

"ಒಳಗೆ ಮಗು ಮಾಡಿಟ್ಟಿದ್ದು ಇದೆ ಅಣ್ಣ."

ಆಗ ಹೇಳಿದಳು. ಐದು ವರ್ಷದ ಹಿಂದೆ, ಏಳು ವರ್ಷದ ಮಗಳು ಚಮಚದಲ್ಲಿ ಐಸು ಕೆರೆದು ಮುಷ್ಟಿಯಷ್ಟು ಗೊಂಬೆ ಮಾಡಿದ್ದಳು. ಕಣ್ಣಿಗೆ ಎರಡು ಮೆಣಸಿನ ಕಾಳು. ತಟ್ಟೆಯಲ್ಲಿ ಹಿಂದಿನ ಮೂಲೆಗಿಟ್ಟು, "ಅಮ್ಮ, ಇದನ್ನ ಕರಗಿಸ್ಬೇಡ" ಅಂದಿದ್ದಳಂತೆ. ಅದೇ ವಾರ ಜ್ವರ ಬಂತು. ಮಗು ಆಸ್ಪತ್ರೆಯಿಂದ ವಾಪಸ್ ಬರಲಿಲ್ಲ; ಅದು ಬೀದಿಗೆಲ್ಲ ಗೊತ್ತಿತ್ತು, ಗೊಂಬೆಯ ವಿಷಯ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ವರ್ಷ ಕಳೆದ ಹಾಗೆ ಗೊಂಬೆಯ ಮುಂದೆ ಐಸು ಬೆಳೆದು ಅದು ಕಣ್ಣಿಗೆ ಕಾಣದಾಯಿತು. ಅದು ಅಲ್ಲೇ ಇದೆ ಅನ್ನುವ ಒಂದೇ ನಂಬಿಕೆಯ ಮೇಲೆ ಇವಳು ಉಸಿರಾಡಿಕೊಂಡಿದ್ದಳು.

ನನ್ನ ಬೈಗುಳವೆಲ್ಲ ನೆನಪಾಗಿ ನಾಚಿಕೆಯಾಯಿತು. ಮನೆಗೆ ಓಡಿ ಥರ್ಮಾಕೋಲ್ ಡಬ್ಬಿಯಲ್ಲಿ ಐಸು, ಉಪ್ಪು ತುಂಬಿ ತಂದೆ. ಗೊಂಬೆಯನ್ನು ಅದರಲ್ಲಿ ಸಾಗಿಸಿ ನಮ್ಮ ಮನೆಯ ಫ್ರೀಜರಿನಲ್ಲಿಡುವುದೆಂದು ಮಾತಾಯಿತು. ಅವಳೇ ಪ್ಲಗ್ ಕಿತ್ತಳು. ಬಿಸಿನೀರಿನ ಹಬೆಗೆ ಗೋಡೆಯ ಐಸು ಹಲಗೆ ಹಲಗೆಯಾಗಿ ಬಿಟ್ಟುಕೊಂಡಿತು. ಎರಡು ಬಕೆಟ್ ತುಂಬಿದವು, ಚೆಲ್ಲಿ ಬಂದೆ. ಮೂರನೆಯದು ತುಂಬುವ ಹೊತ್ತಿಗೆ ಹಿಂದಿನ ತಟ್ಟೆ ಕಂಡಿತು.

ಅದರಲ್ಲಿ ಎರಡು ಮೆಣಸಿನ ಕಾಳು ಬಿಟ್ಟರೆ ಏನೂ ಇರಲಿಲ್ಲ.

"ಎಲ್ಲಿ ಹೋಯ್ತು?" ಅಂದಳು. "ನಾನು ಒಂದು ದಿನಾನೂ ಆಫ್ ಮಾಡ್ಲಿಲ್ವಲ್ಲ."

ಏನಾದರೊಂದು ಸುಳ್ಳು ಹೇಳಬಹುದಿತ್ತು. ನನ್ನ ಹಾಳು ಬಾಯಿ ಕಸುಬಿನ ನಿಜವನ್ನೇ ಹೇಳಿತು.

"ಕರಗಿಲ್ಲ ಅಕ್ಕ. ವರ್ಷಗಟ್ಲೆ ಹಾಗೇ ಇಟ್ರೆ ಐಸು ತಾನಾಗೇ ಸವೆದು ಆವಿಯಾಗುತ್ತೆ. ಹೋಗಿ ಗೋಡೆಗೆ ಅಂಟ್ಕೊಂಡು ಮತ್ತೆ ಐಸಾಗುತ್ತೆ."

ಅವಳು ಫ್ರೀಜರಿನ ಗೋಡೆ ನೋಡಿದಳು. ನಾನು ಅಲ್ಲಿ ಒಂದು ಚೂರೂ ಉಳಿಸಿರಲಿಲ್ಲ.

"ಮೊದಲಿನ ಎರಡು ಬಕೆಟ್ ಎಲ್ಲಿ ಚೆಲ್ಲಿದ್ರಿ?"

"ಬಚ್ಚಲಿಗೆ."

ಅವಳು ಅಳಲಿಲ್ಲ. ಮೂರನೆಯ ಬಕೆಟ್ಟನ್ನು ಹತ್ತಿರಕ್ಕೆ ಎಳೆದುಕೊಂಡು ನೆಲಕ್ಕೆ ಕೂತು, ಎರಡೂ ಕೈ ಅದರಲ್ಲಿಟ್ಟಳು. ಬೆರಳು ಮರಗಟ್ಟಿದರೂ ತೆಗೆಯಲಿಲ್ಲ.