ದಪ್ಪ ಮಾಡೋ ಗಾಜು

ಅಕ್ಕ ನನ್ನನ್ನು ಕೇಳಿದ್ದು ತನ್ನ ಮುಖದ ಒಂದೇ ಒಂದು ಚಿತ್ರ. ಕಂಡವರ ಮದುವೆಗಳನ್ನೆಲ್ಲ ವಿಡಿಯೋ ಮಾಡಿದ ನಾನು ಅದನ್ನು ತೆಗೆದುಕೊಡಲಿಲ್ಲ. ಸಾಲದ್ದಕ್ಕೆ, ತಪ್ಪನ್ನು ಅವಳ ಮೇಲೇ ಹಾಕಿದೆ.

ಮೊನ್ನೆ ಟ್ರಂಕು ತೆಗೆದಾಗ ರೇಷ್ಮೆ ಬಟ್ಟೆಯ ಚೀಲವೊಂದು ಸಿಕ್ಕಿತು. ಒಳಗೆ ವೈಡ್ ಕನ್ವರ್ಟರ್, ಕ್ಯಾಮೆರಾದ ಮುಂದಕ್ಕೆ ತಿರುಪಿ ಕೂರಿಸುವ ಅಂಗೈ ಅಗಲದ ದಪ್ಪ ಗಾಜು. ಅಂಚಿಗೆ ಬೂಷ್ಟು ಹಿಡಿದಿದೆ. ಚೀಲ ಅಕ್ಕ ಹೊಲಿದದ್ದು. ಮೂಗಿಗೆ ಹಿಡಿದರೆ ಬೇಯಿಸಿದ ರೇಷ್ಮೆಗೂಡಿನ ವಾಸನೆ... ಇಷ್ಟು ವರ್ಷ ಉಳಿದಿರಲಾರದು. ಆದರೂ ಬಂತು.

ಅಕ್ಕ ಕೊಳ್ಳೇಗಾಲದಲ್ಲಿ ಗೂಡಿನಿಂದ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದಳು. ಬಿಸಿನೀರಿನಲ್ಲಿ ಅದ್ದಿ ಅದ್ದಿ ಅವಳ ಬೆರಳ ತುದಿ ಸದಾ ಬೆಳ್ಳಗೆ ಸುಕ್ಕಾಗಿರುತ್ತಿತ್ತು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ನಾನು ಮುಂದೆ ಒಂದು ಸ್ಟುಡಿಯೋ ಸೇರಿ, ಹೆಗಲ ಮೇಲೆ ಹೊರುವ ಕ್ಯಾಮೆರಾ ಕಲಿತೆ. ತೊಂಬತ್ತರ ಆಚೀಚೆ. ಹನೂರು ಕಡೆಯ ಮನೆಗಳಲ್ಲಿ ನಡುಮನೆ ಎಷ್ಟು ಚಿಕ್ಕದೆಂದರೆ, ಗೋಡೆಗೆ ಬೆನ್ನು ಕೊಟ್ಟು ನಿಂತರೂ ಚಿತ್ರದಲ್ಲಿ ಗಂಡು ಬಂದರೆ ಹೆಣ್ಣು ಬರುತ್ತಿರಲಿಲ್ಲ. ಆ ಗಾಜು ಹಾಕಿದರೆ ಅಡಿಗೆಮನೆ ಬಾಗಿಲವರೆಗೂ ಎಲ್ಲರೂ ಹಿಡಿಸುತ್ತಿದ್ದರು. ಅಂಚಿನಲ್ಲಿ ನಿಂತವರು ಮಾತ್ರ ಅಡ್ಡಡ್ಡ ಹಿಗ್ಗಿ ಕಾಣುತ್ತಿದ್ದರು. ನೆಂಟರ ಮದುವೆಗಳಲ್ಲಿ ಅಕ್ಕ ಯಾವಾಗಲೂ ಅಂಚಿನಲ್ಲೇ. ಕಡ್ಡಿಯಂತಿದ್ದವಳು ಅದಕ್ಕೆ ದಪ್ಪ ಮಾಡೋ ಗಾಜು ಎಂದು ಹೆಸರಿಟ್ಟಳು. “ರಾಗಿ ಇಟ್ಟು ತಿಂದು ಆಗ್ದೇ ಇದ್ದದ್ದು ನಿನ್ ಗಾಜಲ್ಲಾದ್ರೂ ಆಯ್ತು ಬುಡು” ಎಂದು ನಗುತ್ತಿದ್ದಳು.

ಚೀಲ ಹೊಲಿದುಕೊಟ್ಟ ದಿನ ಕೇಳಿದಳು. “ನಾನು ಅವ್ವನಂಗೇ ಇದ್ದೀನಂತೆ ಕಣ್ಲಾ. ಆ ಗಾಜು ತಗ್ದು, ಅತ್ರದಿಂದ ನನ್ ಮುಕ ಒಂದ್ಸಲ ಹಿಡಿ. ಫೋಟೋ ಬ್ಯಾಡ, ನಗೋದು ಕಾಣ್ಬೇಕು. ಅವ್ವ ಎಂಗೆ ನಗ್ತಿದ್ಲು ನೋಡಾನ.”

ಅವ್ವ ನಾವು ಚಿಕ್ಕವರಿದ್ದಾಗಲೇ ಹೋಗಿದ್ದಳು. ಒಂದು ಫೋಟೋ ಕೂಡ ಇರಲಿಲ್ಲ. ನನಗಂತೂ ಮುಖವೇ ನೆನಪಿಲ್ಲ.

ಯಳಂದೂರಿನಲ್ಲಿ ದೊಡ್ಡಪ್ಪನ ಮಗಳ ಮದುವೆ. ಧಾರೆ ಮುಗಿದ ಮೇಲೆ ಅಕ್ಕ ಮುಖ ತೊಳೆದು, ಕುಂಕುಮ ತಿದ್ದಿಕೊಂಡು ಬಂದು ನನ್ನೆದುರು ನಗುತ್ತಾ ನಿಂತಳು. ಗಾಜು ಬಿಚ್ಚಬೇಕಿತ್ತು. ಅದು ಇದ್ದಾಗ ಜೂಮ್ ಮಾಡಿ ಹತ್ತಿರಕ್ಕೆ ಎಳೆದರೆ ಚಿತ್ರ ಮಂಜಾಗುತ್ತದೆಂದು ನನಗೆ ಗೊತ್ತಿತ್ತು. ಊಟದ ಪಂಕ್ತಿ ತೆಗೆಯಲು ಮತ್ತೆ ತಿರುಪಿ ಹಾಕಬೇಕಲ್ಲ ಎಂಬ ಸೋಮಾರಿತನ. ಹಾಗೇ ಎಳೆದೆ. ಕ್ಯಾಮೆರಾದ ಕಿಂಡಿಯ ಪುಟ್ಟ ಕಪ್ಪುಬಿಳುಪು ಚಿತ್ರದಲ್ಲಿ ಎಲ್ಲ ಸರಿಯಿದ್ದಂತೆಯೇ ಕಂಡಿತು.

ವಾರದ ಮೇಲೆ ದೊಡ್ಡಪ್ಪನ ಮನೆಯಲ್ಲಿ ಎಲ್ಲರೂ ಕುಳಿತು ಕ್ಯಾಸೆಟ್ ನೋಡಿದೆವು. ಅಕ್ಕನ ಮುಖ ಬಂತು... ಕಣ್ಣು ಯಾವುದು, ಮೂಗು ಯಾವುದು ತಿಳಿಯದ ಬೆಳ್ಳನೆಯ ಗುಂಡು. “ಇದ್ಯಾರ್ಲಾ, ಇಡ್ಲಿಗೆ ಕುಂಕುಮ ಇಟ್ಟವ್ರೆ” ಎಂದ ದೊಡ್ಡಪ್ಪನ ಮಗ. ಎಲ್ಲರೂ ನಕ್ಕರು. ಅಕ್ಕ ನನ್ನ ಕಡೆ ನೋಡಿದಳು. ಅಷ್ಟು ಜನರ ಮುಂದೆ ನನ್ನ ಕೆಲಸ ಕೆಟ್ಟಿತೆಂದು ಒಪ್ಪಲು ಬಾಯಿ ಬರಲಿಲ್ಲ.

“ನೀನು ಅಲ್ಲಾಡ್ಬುಟ್ಟೆ ಕಣಕ್ಕ” ಎಂದೆ.

“ಔದಾ...” ಎಂದಳು.

ನಂಬಿದಳು. ಆಮೇಲೆ ಯಾವ ಮದುವೆಯಲ್ಲೇ ಆಗಲಿ, ಕ್ಯಾಮೆರಾ ತನ್ನ ಕಡೆ ತಿರುಗಿದರೆ ಸಾಕು, ನಗುತ್ತಿದ್ದ ನಗುವನ್ನು ಅರ್ಧಕ್ಕೆ ನಿಲ್ಲಿಸಿ, ಉಸಿರು ಬಿಗಿಹಿಡಿದು ನಿಂತುಬಿಡುತ್ತಿದ್ದಳು. ಬಾಗಿಲ ಪಕ್ಕ, ಕಂಬದ ಹಾಗೆ. ಕ್ಯಾಮೆರಾ ದಾಟಿದ ಮೇಲೇ ಉಸಿರು ಬಿಡುತ್ತಿದ್ದದ್ದು. ಅದನ್ನೆಲ್ಲ ನಾನು ಕಿಂಡಿಯಲ್ಲಿ ನೋಡುತ್ತಿದ್ದೆ. ಮತ್ತೆ ಅವಳು ಕೇಳಲಿಲ್ಲ. ಇನ್ನೊಂದು ಸಲ ತೆಗೆದರಾಯಿತು ಅಂದುಕೊಂಡೇ ವರ್ಷಗಳು ಕಳೆದವು... ಅವಳಿಗೊಂದು ಜ್ವರ ಬಂತು. ಎಂಟೇ ದಿನ, ಹೋಗಿಬಿಟ್ಟಳು.

ಸಣ್ಣ ಕ್ಯಾಮೆರಾಗಳು ಬಂದು ಆ ಗಾಜು ಯಾರಿಗೂ ಬೇಡವಾದಾಗ ಮನೆಗೆ ತಂದಿಟ್ಟಿದ್ದೆ. ಮೊನ್ನೆ ಅದನ್ನು ಕಣ್ಣಿಗೆ ಹಿಡಿದು ನಮ್ಮ ಅಡಿಗೆಮನೆ ಬಾಗಿಲ ಕಡೆ ನೋಡಿದೆ. ನಾಲ್ಕು ಹೆಜ್ಜೆ ದೂರದ ಬಾಗಿಲು ಬೀದಿಯಾಚೆಗೆ ಹೋದಂತೆ ಕಂಡಿತು. ಕೆಳಗಿಟ್ಟೆ. ಮನೆಯಲ್ಲಿ ಯಾರೂ ಇರಲಿಲ್ಲ. ಬಾಯಿಬಿಟ್ಟು ಹೇಳಿದೆ.

“ನೀನು ಅಲ್ಲಾಡ್ಲಿಲ್ಲ ಕಣಕ್ಕ. ನಾನೇ ಗಾಜು ಬಿಚ್ಚಲಿಲ್ಲ. ತಪ್ಪಾಯ್ತು. ಇನ್ನು ಉಸ್ರು ಬುಡು.”